ಉಣಿಸಿದವಳ ಬೆಕ್ಕು

ಪುವೆರ್ತೊ ಉಮಾರಿ,
ಮರಾನ್ಯೋನ್ ನದಿಯ ದಂಡೆ
ಜೂನ್ 14

ಪ್ರೀತಿಯ ಎಮೆರಿತೊ,

ನಾನು, ಮಗಳು ನಿಕ್ಸಾ, ನಿನ್ನ ಅಮ್ಮ, ಮರಬೆಕ್ಕು, ನಾಲ್ವರೂ ಕ್ಷೇಮ. ಮರ ಕಡಿಯುವ ಶಿಬಿರದಿಂದ ನೀನು ಕಳಿಸಿದ ಕಾಗದವೂ ಹಗ್ಗವೂ ತಲುಪಿದವು. ಬೆಕ್ಕನ್ನು ಕಟ್ಟಿ, ಭಾನುವಾರದ ದೋಣಿಯಲ್ಲಿ ಇಕಿತೋಸ್ ಪಟ್ಟಣಕ್ಕೆ, ದೀಕ್ಷಾಸ್ನಾನದಲ್ಲಿ ನಿಕ್ಸಾಳಿಗೆ ಜ್ಞಾನತಾಯಿಯಾಗಿ ನಿಂತ ಸೊರಾಯಿದಾಳಿಗೆ ಕಳಿಸು ಎಂದಿದ್ದೀಯ. ಅವಳ ವಸತಿಗೃಹಕ್ಕೆ ಬಂದವರು ಅದನ್ನು ಎತ್ತಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರಂತೆ. ನಾನು ಕಳಿಸುವುದಿಲ್ಲ.

ಅದು ನಿನ್ನ ಬೇಟೆ ಎಂದು ಬರೆದಿದ್ದೀಯ. ನಿನ್ನ ಬೇಟೆ ಅದರ ತಾಯಿ. ಹೋದ ಆಗಸ್ಟಿನಲ್ಲಿ ಕೋಳಿಗೂಡಿನ ಮೇಲಿನ ಕೊಂಬೆಯಲ್ಲಿದ್ದದ್ದನ್ನು ಹೊಡೆದು, ಸುಲಿಯಲು ನನ್ನ ಮುಂದೆ ಹಾಕಿದೆ. ಇದ್ದದ್ದೇ ಎರಡು ಮೊಲೆ, ಒಂದರಲ್ಲಿ ಮಾತ್ರ ಹಾಲು. ಮನೆಬೆಕ್ಕು ಒಂದೇ ಸೂಲಿಗೆ ನಾಲ್ಕೈದು ಹಾಕುತ್ತದೆ. ಮರಬೆಕ್ಕು ಎರಡೂವರೆ ತಿಂಗಳಿಗೂ ಹೆಚ್ಚು ಹೊತ್ತು ಒಂದೇ ಒಂದನ್ನು ಹೆರುತ್ತದೆ. ನನ್ನ ಅಪ್ಪನ ಕಾಲದಲ್ಲಿ ವ್ಯಾಪಾರಿಗಳು ಇವುಗಳ ಚುಕ್ಕೆ ಚರ್ಮವನ್ನು ದೋಣಿಗಟ್ಟಲೆ ಒಯ್ದರು. ನಾನು ಮದುವೆಯಾಗಿ ಬರುವವರೆಗೂ ಒಂದನ್ನೂ ಕಣ್ಣಾರೆ ಕಂಡಿರಲಿಲ್ಲ.

ಮರಿಯನ್ನು ಹುಡುಕಿ ತಂದು ನನ್ನ ಮಡಿಲಿಗೆ ಹಾಕಿದವನು ನೀನೇ. ಆಮೇಲೆ ಅದು ಉಣಿಸಿದವಳದ್ದು. ಇದೇನು ನಾನು ಮಾಡಿದ ಕಟ್ಟಳೆಯಲ್ಲ. ನಿನ್ನ ಅಮ್ಮ ಸಾಕಿದ ಕೋತಿಯನ್ನು ನಿನ್ನ ಅಪ್ಪ ಮೀನು ಸಿಗದ ವರ್ಷದಲ್ಲೂ ಕೊಂದು ತಿನ್ನಲಿಲ್ಲ.

ಬೆಕ್ಕಿಗೆ ಎಂದೂ ಹಗ್ಗ ಹಾಕಿಲ್ಲ. ಮಾರ್ಚಿನಿಂದ ತಟ್ಟೆಯಲ್ಲಿ ಹಾಕುವುದನ್ನೂ ಬಿಟ್ಟೆ. ತಾನೇ ಹುಡುಕಿ ತಿನ್ನುವುದನ್ನು ಕಲಿಯಲಿ ಎಂದು ಕಪ್ಪೆ, ಇಲಿ ಹಿಡಿದು ಉಮಾರಿ ಮರದ ಕೊಂಬೆಯಲ್ಲಿ ಇಡುತ್ತಿದ್ದೆ. ಅತ್ತೆ ಜಗಲಿಯಿಂದಲೇ ಹಂಗಿಸುತ್ತಿದ್ದರು: "ನನ್ ಮಗ ಅಲ್ಲಿ ಒಣ ಮರಗೆಣಸಿನ ಹಿಟ್ಟು ಮುಕ್ತಾನೆ, ಇವಳಿಲ್ಲಿ ಬೆಕ್ಕಿಗೆ ಕಪ್ಪೆ ಬಡಿಸ್ತಾಳೆ. ಉಪ್ಪು ಸಾಕಾ ಅಂತ ಕೇಳೇ ಅದನ್ನ." ಒಂದು ದಿನ ಅದು ಹಿಂಗಾಲುಗಳನ್ನು ಹಿಂದುಮುಂದಾಗಿ ತಿರುಗಿಸಿ, ಕಾಂಡ ಹಿಡಿದು, ತಲೆಕೆಳಗಾಗಿ ಅಳಿಲಿನ ಹಾಗೆ ಸರಸರ ಇಳಿಯಿತು. ಅತ್ತೆ ಮರಗೆಣಸು ಹುಳಿಸಿದ ಕಳ್ಳಿನ ಬಟ್ಟಲು ಕೆಳಗಿಟ್ಟರು. "ಇಂಥಾ ಕಾಲು ಕೊಟ್ಟಿದ್ದು ಗಿರಾಕಿಗಳ ತೊಡೆ ಮೇಲೆ ಕೂರೋಕಾ?" ಎಂದರು. ಅಂದಿನಿಂದ ಅವರೂ ಇಲಿಗೆ ಬೋನು ಇಡುತ್ತಾರೆ.

ಈಗ ಅದು ಮೂರು ನಾಲ್ಕು ದಿನಕ್ಕೊಮ್ಮೆ ಬರುತ್ತದೆ. ನಾನು ಇಟ್ಟದ್ದನ್ನು ಮೂಸಿ ಹಾಗೇ ಹೋಗುತ್ತದೆ. ನಾನು ಕರೆಯುವುದಿಲ್ಲ. ನನ್ನನ್ನು ಮರೆತರೆ ಅದು ಬದುಕುತ್ತದೆ.

ಭಾನುವಾರ ದೋಣಿ ಬರಲಿ, ಸೊರಾಯಿದಾ ಅದರಲ್ಲಿ ಕಳಿಸುವ ಪಂಜರ ಖಾಲಿ ವಾಪಸಾಗುತ್ತದೆ. ಸಿಟ್ಟು ಬಂದರೆ ಊರಿಗೆ ಬಂದು ನನ್ನೆದುರು ನಿಂತು ಬೈ. ಬೈದಾದ ಮೇಲೆ ಊಟ ಹಾಕುತ್ತೇನೆ.

ನಿನ್ನ,
ತೆಯೊಲಿಂದಾ

ತಾ.ಕ.: ಸೊರಾಯಿದಾ ನನಗೂ ಒಂದು ಚೀಟಿ ಕಳಿಸಿದ್ದಾಳೆ. ಬೆಕ್ಕಿನ ಜೊತೆ ನಿಕ್ಸಾಳೂ ಬರಲಿ, ಮನೆಗೆಲಸ ಮಾಡಿಕೊಂಡು ಶಾಲೆಗೂ ಹೋಗಬಹುದು, ಎಮೆರಿತೊ ಒಪ್ಪಿದ್ದಾನೆ ಎಂದಿದೆ. ನಿನ್ನ ಕಾಗದದಲ್ಲಿ ಈ ಮಾತಿರಲಿಲ್ಲ. ಅವಳಿಗಿನ್ನೂ ಒಂಬತ್ತು ವರ್ಷ, ನಮಗಿರುವುದು ಅವಳೊಬ್ಬಳೇ, ಮತ್ತು ಅವಳಿಗೆ ಉಣಿಸಿದವಳೂ ನಾನೇ. ನಿನ್ನ ಹಗ್ಗ ಗಟ್ಟಿಯಾಗಿದೆ. ಉಮಾರಿ ಮರಕ್ಕೆ ಅವಳಿಗೊಂದು ಉಯ್ಯಾಲೆ ಕಟ್ಟಿದ್ದೇನೆ.