ನಕ್ಷೆಯಲ್ಲೊಂದು ಕುರ್ಚಿ

ಉರಿಗಾಂ
೯-೨-೧೯೯೫

ಸರೋಜಳ ಅಪ್ಪನವರಿಗೆ ಅಕ್ಕಯ್ಯಮ್ಮ ಮಾಡುವ ನಮಸ್ಕಾರ.

ನಾನೂ ಮಗಳೂ ಚೆನ್ನಾಗಿದ್ದೇವೆ. ನಿಮ್ಮ ಅಕ್ಕನ ಮನೆಗೆ ಹೋದ ಮೇಲೆ ಕೆಮ್ಮು ಕಡಿಮೆಯಾಗಿದೆಯಂತೆ, ಸಮಾಧಾನವಾಯಿತು. ಆದರೆ ‘ನಾನಿನ್ನು ಯಾವ ಕೆಲಸಕ್ಕೂ ಬಾರದವನು, ಇಲ್ಲೇ ಇರುತ್ತೇನೆ’ ಎಂದು ಬರೆದಿದ್ದೀರಲ್ಲ, ಅದಕ್ಕೆ ನನಗೆ ಕೋಪ ಬಂದಿದೆ.

ಬಂಗಾರಪೇಟೆಯಲ್ಲಿ ಪ್ಲಾಸ್ಟಿಕ್ ಗುಜರಿಯವರಿಗೆ ಕೊಡುತ್ತಿದ್ದ ವ್ಯಾಪಾರದ ತರಬೇತಿ ನಿನ್ನೆ ಮುಗಿಯಿತು. ಹಾಕಬೇಕೆಂದಿರುವ ಶೆಡ್ಡಿನ ನಕ್ಷೆ ಬರೆಯಲು ಹೇಳಿದರು. ಹಳೇ ಕೊಡ, ಬಕೆಟ್ಟು ಪುಡಿ ಮಾಡುವ ಮಿಷನ್ನನ್ನು ಹಿಂದಿನ ಮೂಲೆಯಲ್ಲಿಟ್ಟೆ. ಅದರ ದೂಳು ತಲುಪದಂತೆ, ಬಾಗಿಲ ಪಕ್ಕ ಗಾಳಿ ಬರುವ ಕಡೆ, ಒಂದು ಕುರ್ಚಿ ಬರೆದೆ.

"ಇದ್ಯಾಕಮ್ಮಾ?" ಎಂದರು ಮೇಷ್ಟ್ರು.

"ನಮ್ಮ ಯಜಮಾನ್ರು ಕೂತ್ಕಣಾಕೆ ಸಾ. ಮೈನ್ಸಲ್ಲಿ ದೂಳು ಕುಡ್ದು ಎದೆ ಕೆಟ್ಟೈತೆ. ತೂಕ ಆಕಾದು ಅವ್ರೇನೆ," ಎಂದೆ.

ಎಲ್ಲರೂ ನಕ್ಕರು. ಜಾಗ ಚಿಕ್ಕದು, ಬೇಡದ್ದನ್ನು ಅಳಿಸಿ ಎಂದರು ಮೇಷ್ಟ್ರು. ನಾನು ಆಫೀಸು ರೂಮನ್ನು ಅಳಿಸಿದೆ.

ಭಾನುವಾರ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ಬನ್ನಿ. ಬೆಳಿಗ್ಗೆ ಚಳಿಯಿದೆ, ಸ್ವೆಟರು ಮರೆಯಬೇಡಿ. ಶೆಡ್ಡಿಗೆ ಇನ್ನೂ ತಗಡು ಬಂದಿಲ್ಲ. ಕುರ್ಚಿ ಬಂದಿದೆ.

ನಿಮ್ಮ ದಾರಿ ನೋಡುತ್ತಿರುವ
ಅಕ್ಕಯ್ಯಮ್ಮ