ಬ್ಲ್ಯಾಕ್‌ಟೌನಿನಲ್ಲಿ ಮಾರಿದ ಬಟ್ಟೆ

ವಿಂಡಮ್ ವೇಲ್, ಮೆಲ್ಬರ್ನ್
೧೪ ಜೂನ್ ೨೦೨೫

ಅಭಿನಂದನ್,

ಏಳು ವರ್ಷ ಸಂಸಾರ ಮಾಡುವಾಗ ನಿನ್ನನ್ನು ‘ನೀವು’ ಎಂದೆ. ಇನ್ನು ಆಗದು. ಫೋನಿನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀಯ, ಅದಕ್ಕೇ ಈ ಪತ್ರ.

ಅವ್ವನ ಶುಶ್ರೂಷೆಗೆಂದು ನಾನು ಧಾರವಾಡಕ್ಕೆ ಹೋದಾಗ ನೀನು ಸಿಡ್ನಿಯ ನಮ್ಮ ಮನೆಯ ಬೀಗ ಬದಲಿಸಿದೆ. ನನ್ನ ಬಟ್ಟೆಗಳನ್ನೆಲ್ಲ ಗಂಟು ಕಟ್ಟಿ ಅಲ್ಲೇ ಹತ್ತಿರದ ಬ್ಲ್ಯಾಕ್‌ಟೌನಿನ ಹಳೆ ಬಟ್ಟೆ ಅಂಗಡಿಗೆ ಮಾರಿದೆ. ಜಲಜಾ ಯಾರ ಜೊತೆಗೋ ಓಡಿಹೋದಳು ಎಂದು ಊರೆಲ್ಲ ಸಾರಿದೆ. ಹುಡುಕಿಕೊಂಡು ಹೋದರೆ ನನ್ನ ಕುರ್ತಾಗಳು ಬೆಲೆಚೀಟಿ ಅಂಟಿಸಿಕೊಂಡು ನೇತಾಡುತ್ತಿದ್ದವು. ನಾಚಿಕೆಯಿಂದ ಸಾಯಬೇಕಿತ್ತು, ಬದಲಿಗೆ ಅಲ್ಲೇ ಕೆಲಸ ಕೇಳಿದೆ. ಈಗ ಅದೇ ಅಂಗಡಿಯ ಮೆಲ್ಬರ್ನ್ ಫ್ರಾಂಚೈಸಿಗೆ ನಾನು ಮ್ಯಾನೇಜರ್. ಜನ ತಂದ ಬಟ್ಟೆಯನ್ನು ನೋಡಿ ಕೊಳ್ಳುವುದು, ಬೇಡದ್ದನ್ನು ವಾಪಸು ಕಳಿಸುವುದು ನನ್ನ ಕೆಲಸ.

ಕಳೆದ ಶನಿವಾರ ಕನ್ನಡದ ಹುಡುಗಿಯೊಬ್ಬಳು ಎರಡು ಚೀಲ ತಂದಳು. ಮದುವೆಯಾಗಿ ಸಿಡ್ನಿಗೆ ಹೋಗುತ್ತಾಳಂತೆ. ಕೋಟುಗಳ ಕೆಳಗೆ ಒಂದು ಇಳಕಲ್ ಸೀರೆ. “ನಿಶ್ಚಿತಾರ್ಥಕ್ಕೆ ನಮ್ಮ ಹುಡುಗ ಕೊಟ್ಟಿದ್ದು ಮೇಡಂ, ಹೊಸದು ಅಂದ್ರು. ನೋಡಿದ್ರೆ ಯಾರೋ ಉಟ್ಟಿರೋ ಥರ ಇದೆ, ನಂಗ್ ಬೇಡ,” ಎಂದಳು.

ಸೆರಗು ಬಿಡಿಸಿದೆ. ನಮ್ಮ ಮದುವೆಗೆ ಮುಂಚೆ ದೀಪದ ಕಿಡಿ ಬಿದ್ದು ಸುಟ್ಟಿದ್ದ ಜಾಗಕ್ಕೆ ಅವ್ವ ಹಾಕಿದ ಕಸೂತಿಯ ನವಿಲು ಅಲ್ಲಿತ್ತು. ಎಲ್ಲವನ್ನೂ ಮಾರಿದವನು ಇದೊಂದನ್ನು ಉಡುಗೊರೆಗೆಂದು ಎತ್ತಿಟ್ಟಿದ್ದೆಯಲ್ಲ, ನಿನ್ನ ಜಿಪುಣತನಕ್ಕೆ ನಾನು ಋಣಿ.

ನಾನು ಅಳಲಿಲ್ಲ. ಮೊಬೈಲಿನಲ್ಲಿ ನಮ್ಮ ಮದುವೆಯ ಫೋಟೋ ತೋರಿಸಿದೆ: ಅದೇ ಸೀರೆ, ಅದೇ ನವಿಲು, ಪಕ್ಕದಲ್ಲಿ ನೀನು. ಆ ಹುಡುಗಿ, ನಿನ್ನ ಶ್ರೀದೇವಿ, ಫೋಟೋ ದೊಡ್ಡದು ಮಾಡಿ ನಿನ್ನ ಮುಖವನ್ನೇ ನೋಡಿದಳು. “ನೀವೇ ಬಿಟ್ಟು ಓಡಿಹೋದ್ರಿ ಅಂದಿದ್ರು,” ಎಂದಳು. ನನ್ನ ಮಾತು ನಂಬಬೇಡ, ಪಕ್ಕದ ಮನೆಯವರನ್ನು ಕೇಳು ಎಂದು ವಸಂತಾ ಆಂಟಿಯ ನಂಬರ್ ಕೊಟ್ಟೆ. ಅವಳು ಅಲ್ಲೇ, ಸ್ಪೀಕರಿನಲ್ಲೇ ಮಾತಾಡಿದಳು. “ಏರ್‌ಪೋರ್ಟಿಂದ ಸೂಟ್‌ಕೇಸ್ ಹಿಡ್ಕೊಂಡು ಬಂದು ಬಾಗಿಲು ಬಡೀತಾನೇ ಇದ್ಲು ಕಣಮ್ಮ, ಅವನು ಒಳಗಿದ್ದೂ ತೆಗೀಲಿಲ್ಲ. ರಾತ್ರಿ ನಮ್ಮನೇಲೇ ಮಲಗಿದ್ಲು,” ಎಂದರು ಆಂಟಿ.

ಶ್ರೀದೇವಿ ಸೀರೆಯನ್ನು ನನ್ನ ಕೈಗಿಟ್ಟು, ಕೋಟುಗಳ ಚೀಲ ಎತ್ತಿಕೊಂಡು ಹೊರಟಳು. ಇನ್ನು ಸಿಡ್ನಿಗೆ ಬರುವುದಿಲ್ಲವಂತೆ. ನಿನಗೂ ಹೇಳಿರುತ್ತಾಳೆ. ಈಗ ನೀನೂ ಮುಚ್ಚಿದ ಬಾಗಿಲ ಹೊರಗೆ ನಿಂತು ನೋಡು. ಆ ದೃಶ್ಯ ನೆನೆದಾಗಲೆಲ್ಲ ನನಗೆ ಅನ್ನ ರುಚಿಸುತ್ತಿದೆ.

ನಿನ್ನ ಮದುವೆಗೆಂದು ಅತ್ತೆ ಊರಿನಿಂದ ಬಂದು ನಿನ್ನ ಮನೆಯಲ್ಲೇ ಇದ್ದಾರೆಂದು ಆಂಟಿ ಹೇಳಿದರು. ನಾನು ಕೆಟ್ಟವಳೆಂದು ನಂಬಿ ಅವರು ಅವ್ವನ ಸಾವಿಗೂ ಬರಲಿಲ್ಲ. ಅದೊಂದನ್ನು ನಾನು ಮರೆಯಲಾರೆ.

ಇನ್ನು ನಿನ್ನವಳಲ್ಲದ,
ಜಲಜಾ

ತಾ.ಕ.: ನನ್ನ ಅಕ್ಷರ ಕಂಡರೆ ನೀನು ಒಡೆಯದೆ ಹರಿದೆಸೆಯುವವನು. ಅದಕ್ಕೇ ಲಕೋಟೆಯ ಮೇಲೆ ಅತ್ತೆಯ ಹೆಸರು ಬರೆದಿದ್ದೇನೆ. ಇದು ನಿನ್ನ ಕೈಗೆ ಬರುವಷ್ಟರಲ್ಲಿ ಅವರು ಓದಿ ಮುಗಿಸಿರುತ್ತಾರೆ.