ಗುಳಿಗೆ ಬಿಟ್ಟ ಹನ್ನೊಂದನೆಯ ದಿನ

ಗೋಕಾಕ
೧೪ ಆಗಸ್ಟ್ ೨೦೨೪

ಪ್ರೀತಿಯ ಭಾಗ್ಯಕ್ಕಾ,

ಶರಣು. ಹೇಗಿದ್ದೀ? ನಡುನೋವು ಕಡಿಮೆಯಾಯಿತೇ? ಒಂದೇ ಕಿಡ್ನಿ ಉಳಿಸಿಕೊಂಡವಳು ನೀರಿನ ಕೊಡ ಹೊರಬಾರದೆಂದು ಎಷ್ಟು ಸಲ ಹೇಳಿದರೂ ನೀನು ಕೇಳುವವಳಲ್ಲ. ಶಿವಾನಿ ಶಾಲೆಗೆ ಹೋಗುವಾಗ ಇನ್ನೂ ಅಳುತ್ತಾಳೋ, ಇಲ್ಲ ಈಗ ಟೀಚರನ್ನೇ ಅಳಿಸುತ್ತಾಳೋ? ಫೋನು ಮಾಡಿದರೆ ನನ್ನ ದನಿಯಲ್ಲೇ ನೀನು ಎಲ್ಲ ಹಿಡಿದುಬಿಡುತ್ತೀ, ಅದಕ್ಕೇ ಈ ಕಾಗದ. ನಮ್ಮ ಓಣಿಯ ಮುತ್ತಪ್ಪ ಹುಕ್ಕೇರಿಗೆ ಹೊರಟಿದ್ದಾನೆ, ಅವನ ಕೈಗೆ ಕೊಡುತ್ತೇನೆ. ಚಹಾ ಕುಡಿಸಿಯೇ ಕಳಿಸು.

ಬೈಯಬೇಡ, ನಿನಗೊಂದು ಸುಳ್ಳು ಹೇಳಿದ್ದೆ. ಕೊಣ್ಣೂರ ರಸ್ತೆಯ ಔಷಧದ ಗೋದಾಮಿನಲ್ಲಿ ಕೆಲಸ ಎಂದಿದ್ದೆನಲ್ಲ, ಅದು ಗೋದಾಮಲ್ಲ, ಪ್ರಯೋಗಾಲಯದ ಇಲಿಮನೆ. ಕಿಡ್ನಿ ಕೂಡಿಸಿದ ಡಾಕ್ಟರು "ಪ್ರಾಣಿ ಹಂತ್ಯಾಕ ಹೋಗಬ್ಯಾಡ" ಎಂದದ್ದು ನನಗೂ ನೆನಪಿದೆ. ಆದರೆ ಬೇರೆ ಕಡೆ ಯಾರೂ ಕೆಲಸ ಕೊಡಲಿಲ್ಲ.

ಬಿಳಿ ಇಲಿಗಳಿಗೆ ಲಾಡಿಹುಳು ಹತ್ತಿಸುವುದೇ ನನ್ನ ಕೆಲಸ. ಹುಳುವಿನ ಮರಿ ಹಿಟ್ಟಿನಲ್ಲಿ ಬೀಳುವ ಕೆಂಪು ಕೀಟದ ಹೊಟ್ಟೆಯಲ್ಲಿರುತ್ತದೆ. ಆ ಕೀಟವನ್ನು ಇಲಿಗೆ ತಿನ್ನಿಸುತ್ತೇವೆ. ಹತ್ತು ದಿನ ಕಳೆಯುವುದರೊಳಗೆ ಇಲಿಯ ಮೈ ಹುಳುವನ್ನು ಹೊರಗೆ ತಳ್ಳುತ್ತದೆ. ಎಡಗಡೆಯ ಪಂಜರದ ಇಲಿಗಳ ನೀರಿಗೆ ಮಾತ್ರ ಒಂದು ಗುಳಿಗೆ ಕರಗಿಸುತ್ತೇವೆ, ಅವು ತಳ್ಳುವುದಿಲ್ಲ. ಮೊದಲ ದಿನವೇ ಪ್ರಯೋಗಾಲಯದ ಮುಖ್ಯಸ್ಥ ಸೋಮಶೇಖರ ಸರ್ ಹೇಳಿದ್ದರು: "ತನ್ನವ್ರ ಯಾರು, ಹೊರಗಿನವ್ರ ಯಾರು, ಮೈಗೆ ಗೊತ್ತಿರತೈತಿ. ಈ ಗುಳಿಗಿ ಆ ಗುರುತ ಮರಸತೈತಿ." ಗುಳಿಗೆಯ ಹೆಸರು ಓದಿ ನಾನು ನಕ್ಕುಬಿಟ್ಟೆ. ನಿನ್ನ ಕಿಡ್ನಿಯನ್ನು ನನ್ನ ಮೈ ತಳ್ಳದಿರಲೆಂದು ನಾನು ದಿನಾ ನುಂಗುವುದೂ ಅದೇ ಗುಳಿಗೆ.

ಎಡಗಡೆಯ ಆ ಇಲಿಗಳು ಕಚ್ಚುವುದಿಲ್ಲ, ಕಿರುಚುವುದಿಲ್ಲ. ಉಳಿದವು ಬಾಗಿಲ ಸದ್ದಿಗೆ ಓಡಿ ಅಡಗಿದರೆ, ಅವು ಸರಳಿಗೆ ಮೂಗು ಹಚ್ಚಿ ಸಾಲಾಗಿ ಕೂತು ನನ್ನನ್ನು ನೋಡುತ್ತವೆ. ಸರ್ ಬಂದರೆ ತಲೆ ಕೂಡ ಎತ್ತುವುದಿಲ್ಲ. ಮನೆಯವರು ಬಂದರೆಂಬಂತೆ ನನ್ನೊಬ್ಬನನ್ನೇ ನೋಡುತ್ತವೆ.

ಹೋದ ತಿಂಗಳು ಅದಕ್ಕೆ ಕಾರಣ ಸಿಕ್ಕಿತು. ಹೊಟ್ಟೆಯಲ್ಲಿ ಏನೋ ಹೊರಳುತ್ತಿತ್ತು. ಯಾರೂ ಇಲ್ಲದಾಗ ನನ್ನದೇ ಮಲವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದೆ. ದಿನಾ ನೋಡುವ ಅದೇ ಮೊಟ್ಟೆಗಳು. ನೀನು ಕಳಿಸಿದ ಶೇಂಗಾ ಚಟ್ನಿಯ ಡಬ್ಬಿಯನ್ನು ಕೀಟದ ಹಿಟ್ಟಿನ ಡಬ್ಬಿಯ ಪಕ್ಕದಲ್ಲೇ ಇಡುತ್ತಿದ್ದೆ, ಮುಚ್ಚಳ ಸರಿಯಾಗಿ ಹಾಕದೆ. ಚಟ್ನಿಯಲ್ಲಿ ಕೆಂಪು ಕೀಟ ಕಾಣುತ್ತದೆಯೇ?

ಡಾಕ್ಟರಿಗೆ ಹೇಳಿದರೆ ಕೆಲಸ ಬಿಡಿಸುತ್ತಾರೆ. ನಾಚಿಕೆ ಬೇರೆ. ಆಗ ಹಿಂದಿನ ತಂಡದ ಇಲಿಗಳು ನೆನಪಾದವು. ಗುಳಿಗೆ ನಿಲ್ಲಿಸಿದ ಕೆಲವೇ ದಿನಗಳಲ್ಲಿ ಅವುಗಳ ಹುಳು ಬಿದ್ದಿದ್ದವು. ನಾನೂ ನಿಲ್ಲಿಸಿದೆ, ಇಂದಿಗೆ ಹನ್ನೊಂದು ದಿನ. ಹೆದರಬೇಡ. ಆಪರೇಷನ್ನಿಗೆ ಒಯ್ಯುವಾಗ ನೀನು "ನನ್ನ ಒಡವಿ ನಿನ್ನ ಕಡೆ ಇಡಾಕತ್ತೇನಿ, ಜ್ವಾಕಿ ಉದ್ದ್ಯಾ" ಎಂದದ್ದನ್ನು ನಾನು ಮರೆತಿಲ್ಲ. ದಿನಾ ಬೆಳಿಗ್ಗೆ ನಿನ್ನ ಕಿಡ್ನಿ ಇರುವ ಜಾಗದ ಮೇಲೆ ಅಂಗೈ ಇಟ್ಟು ಮೈಗೆ ಹೇಳುತ್ತೇನೆ: "ಇಕಿ ನಮ್ಮಕ್ಕ, ಹೊರಗಿನಾಕಿ ಅಲ್ಲ. ಇಕಿನ್ನ ಮುಟ್ಟಬ್ಯಾಡ."

ನಿನ್ನೆ ಹುಳು ಬಿತ್ತು. ಮೊಳದುದ್ದ, ಬೆಳ್ಳಗೆ. ಖುಷಿಗೆ ಕಣ್ಣಲ್ಲಿ ನೀರು ಬಂತು. ಇವತ್ತು ಇಲಿಮನೆಗೆ ಹೋದರೆ ಎಡಗಡೆಯ ಇಲಿಗಳೆಲ್ಲ ನನಗೆ ಬೆನ್ನು ತಿರುಗಿಸಿ ಮೂಲೆ ಸೇರಿದ್ದವು. ಒಂದೂ ತಿರುಗಿ ನೋಡಲಿಲ್ಲ.

ಮಾವನಿಗೆ ಶರಣು ಹೇಳು, ಶಿವಾನಿಗೆ ನನ್ನ ಪರವಾಗಿ ಎರಡು ಮುತ್ತು ಕೊಡು.

ನಿನ್ನ ತಮ್ಮ
ಉದ್ದಪ್ಪ

ತಾ.ಕ.: ಮುತ್ತಪ್ಪ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಈಗ ಚಪ್ಪಲಿ ಮೆಟ್ಟಲು ಹೋದರೆ ಕಾಲು ತೂರುತ್ತಿಲ್ಲ, ಎರಡೂ ಊದಿವೆ. ನಿನ್ನೆಯಿಂದ ಒಂದಕ್ಕೆ ಹೋದದ್ದು ಎರಡೇ ಸಲ. ಅಂಗೈ ಇಡುವ ಜಾಗ ಕಾದ ಹಂಚಿನ ಹಾಗೆ ಸುಡುತ್ತಿದೆ. ಮೈಗೆ ಗುರುತು ಮರಳಿದೆ ಅಕ್ಕಾ, ನೀನು ನಮ್ಮವಳೆಂದು ಎಷ್ಟು ಹೇಳಿದರೂ ಕೇಳುತ್ತಿಲ್ಲ. ಚಹಾ ಮಾಡುತ್ತ ಕೂಡಬೇಡ. ಆಸ್ಪತ್ರೆಯ ಫೈಲು ತೆಗೆದುಕೊಂಡು ಮುತ್ತಪ್ಪನ ಗಾಡಿಯಲ್ಲೇ ಹೊರಟು ಬಾ.